ಯುದ್ಧದ ಸಿನಿಮಾ ಸಾಕೇ, ಸೈನಿಕರ ಪುಸ್ತಕವನ್ನೂ ಓದಬೇಕೇ?

ಯುದ್ಧದ ಸಿನಿಮಾ ನೋಡಿ ಕಣ್ಣೊರೆಸಿಕೊಂಡವರು ಆಮೇಲೆ ಕೇಳುವ ಪ್ರಶ್ನೆ ಇದು: ಸೈನಿಕರು ಪಟ್ಟ ಪಾಡು ತಿಳಿಯಲು ಸಿನಿಮಾ ಸಾಲದೇ? ಸಾಲದು. ಸಿನಿಮಾ ಮೊದಲು ನೋಡಿ, ಆಮೇಲೆ ಪುಸ್ತಕ ಓದಿ. ಓದುವಾಗ ಪಕ್ಕದಲ್ಲಿ ನಕ್ಷೆ ಇರಲಿ.

‘ಬಾರ್ಡರ್’ (1997) ಚಿತ್ರವನ್ನೇ ನೋಡಿ. ಅದರಲ್ಲಿ ನಮ್ಮವರು ಒಬ್ಬರಾದ ಮೇಲೊಬ್ಬರು ಸಾಯುತ್ತಾರೆ. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ನಡೆದ ಲೋಂಗೆವಾಲಾ ಕದನದಲ್ಲಿ ನಿಜಕ್ಕೂ ಮಡಿದ ಭಾರತೀಯ ಸೈನಿಕರು ಇಬ್ಬರು. ಹಾಗೆಂದು ಉಳಿದವರ ತ್ಯಾಗವೇನೂ ಸಣ್ಣದಲ್ಲ. ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕಂಪನಿಯಲ್ಲಿ ಇದ್ದವರು ಸುಮಾರು 120 ಜನ. ಹಿಂದೆ ಸರಿಯಲು ವಾಹನಗಳಿರಲಿಲ್ಲ, ಪಾಕಿಸ್ತಾನದ ಟ್ಯಾಂಕುಗಳ ಸದ್ದು ಮಾತ್ರ ಹತ್ತಿರವಾಗುತ್ತಿತ್ತು. ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳಿಗೆ ಇರುಳಲ್ಲಿ ದಾಳಿ ಮಾಡುವ ಸಲಕರಣೆ ಇಲ್ಲದ್ದರಿಂದ ಬೆಳಕು ಹರಿಯುವ ತನಕ ಅವು ಬರುವಂತಿರಲಿಲ್ಲ. ಅಷ್ಟು ಹೊತ್ತು ಆ ಜನ ಜಾಗ ಬಿಡದೆ ನಿಂತರು. ಚಿತ್ರಕ್ಕೆ ಬೇಕಾದದ್ದು ಸಾವು, ಚರಿತ್ರೆಯಲ್ಲಿ ಇರುವುದು ಈ ಕಾಯುವಿಕೆ. ನನಗೆ ಇದೇ ಹೆಚ್ಚು ದೊಡ್ಡದು.

ಪುಸ್ತಕಕ್ಕೆ ಬಂದರೆ, ಬ್ರಿಗೇಡಿಯರ್ ಜಾನ್ ದಳವಿ ಅವರ ‘ಹಿಮಾಲಯನ್ ಬ್ಲಂಡರ್’ನಿಂದ ಶುರುಮಾಡಿ. ರವಿ ಬೆಳಗೆರೆಯವರ ಅನುವಾದದಿಂದಾಗಿ ಕನ್ನಡದ ಎಷ್ಟೋ ಮನೆಗಳಲ್ಲಿ ಅದು ಈಗಾಗಲೇ ಇದೆ. 1962ರ ಚೀನಾ ಯುದ್ಧದಲ್ಲಿ, ಈಗಿನ ಅರುಣಾಚಲದ ಗಡಿಯ ನಾಮ್ಕಾ ಚು ನದಿಯ ದಂಡೆಯಲ್ಲಿದ್ದ 7ನೇ ಬ್ರಿಗೇಡಿನ ಮುಖ್ಯಸ್ಥರು ದಳವಿ. ಓದುವಾಗ ಪೆನ್ಸಿಲ್ ಹಿಡಿದು ಮೂರು ಸಂಗತಿಗಳಿಗೆ ಗೆರೆ ಹಾಕಿ: ಮೈಮೇಲಿನ ಬಟ್ಟೆ, ಕೈಲಿದ್ದ ಗುಂಡು, ಸಾಮಾನು ಬಂದ ದಾರಿ. ಹಿಮಾಲಯದ ಚಳಿಗೆ ಹತ್ತಿಯ ಸಮವಸ್ತ್ರ, ಒಬ್ಬೊಬ್ಬರಿಗೆ ಸುಮಾರು 50 ಗುಂಡು. ಸಾಮಾನನ್ನು ವಿಮಾನದಿಂದ ತ್ಸಾಂಗ್‌ಧರ್ ಎಂಬ ಜಾಗದಲ್ಲಿ ಬೀಳಿಸುತ್ತಿದ್ದರು, ಅದರಲ್ಲಿ ಬಹಳಷ್ಟು ಕಮರಿಗೆ ಉರುಳಿಹೋಗುತ್ತಿತ್ತು. ಈ ಮೂರನ್ನೂ ನಕ್ಷೆಯ ಎತ್ತರದ ಗೆರೆಗಳ ಜೊತೆ ಇಟ್ಟು ನೋಡಿದರೆ ಅಕ್ಟೋಬರ್ 20ರ ಬೆಳಿಗ್ಗೆ ಚೀನಾದ ದಾಳಿ ಶುರುವಾದಾಗ ಆ ಹುಡುಗರ ಮುಂದೆ ಏನಿತ್ತು, ಏನಿರಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಇಲ್ಲೊಂದು ಎಚ್ಚರ ಬೇಕು. ಎರಡು ದಿನದ ಮೇಲೆ ಸೆರೆಸಿಕ್ಕ ದಳವಿ 1963ರ ಮೇ ತನಕ ಚೀನಾದಲ್ಲಿ ಬಂಧಿಯಾಗಿದ್ದರು, ಪುಸ್ತಕ ಬಂದದ್ದು 1969ರಲ್ಲಿ. ಅದು ನೊಂದವರೊಬ್ಬರ ವಾದವೂ ಹೌದು. ತಾವು ಕಂಡದ್ದನ್ನು ಹೇಳುವ ಪುಟಗಳನ್ನು ಹಾಗೇ ನಂಬಿ. ದೆಹಲಿಯಲ್ಲಿ ಯಾರು ಏನು ಯೋಚಿಸಿದರು ಎನ್ನುವ ಪುಟಗಳನ್ನು ಬೇರೆಯವರ ಬರಹದೊಂದಿಗೆ ಹೋಲಿಸಿ.

1962ರಲ್ಲೇ ಲಡಾಖ್‌ನಲ್ಲಿ ನಡೆದ ರೆಜಾಂಗ್ ಲಾ ಕದನಕ್ಕೆ ಪುಸ್ತಕದ ಈ ದಾರಿಯೂ ಅರ್ಧ ಮುಚ್ಚಿದೆ. ನವೆಂಬರ್ 18ರಂದು 13 ಕುಮಾವೂಂ ಬೆಟಾಲಿಯನ್ನಿನ ಮೇಜರ್ ಶೈತಾನ್ ಸಿಂಗ್ ಅವರ ಕಂಪನಿಯಲ್ಲಿ ನೂರಕ್ಕೂ ಹೆಚ್ಚು ಜನ ಮಡಿದರು, ಬರೆಯಲು ಉಳಿದವರೇ ಕೆಲವರು. ಅಲ್ಲಿ ಭೂಪಟವನ್ನೇ ಓದಬೇಕು: ನಡುವೆ ಅಡ್ಡಬಂದ ಬೆಟ್ಟದ ಏಣಿನಿಂದಾಗಿ ನಮ್ಮ ಫಿರಂಗಿಗಳ ಗುಂಡು ಆ ಕಣಿವೆಗೆ ತಲುಪುವಂತಿರಲಿಲ್ಲ. ಅದು ಗೊತ್ತಿದ್ದೇ ಅವರು ಅಲ್ಲಿ ನಿಂತಿದ್ದರು.