‘ಬೆಸ್ಟ್ ಸೌಂಡ್‌ಟ್ರ್ಯಾಕ್ ಯಾವ್ದು, ಒಂದೇ ಹೆಸರು ಹೇಳು ಗುರು’

ರಿದಮ್ ಗೇಮ್‌ಗಳಲ್ಲಿ, ಅಂದರೆ ಹಾಡಿನ ತಾಳಕ್ಕೆ ಸರಿಯಾಗಿ ಒತ್ತುತ್ತಾ ಆಡುವ ವಿಡಿಯೊ ಗೇಮ್‌ಗಳಲ್ಲಿ, ಯಾವುದರ ಹಾಡುಗಳು ಬೆಸ್ಟ್? ಈ ಪ್ರಶ್ನೆಗೆ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವಷ್ಟರಲ್ಲಿ ಉತ್ತರ ಬೇಕು ಎಲ್ಲರಿಗೂ. ಅದೂ ಒಂದೇ ಹೆಸರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೆಸರು ತಗೊಳ್ಳಿ: ಕ್ರಿಪ್ಟ್ ಆಫ್ ದ ನೆಕ್ರೋಡ್ಯಾನ್ಸರ್, 2015, ಸಂಗೀತ ಡ್ಯಾನಿ ಬರಾನೋವ್‌ಸ್ಕಿ ಅವರದು. ಅವಸರ ಇದ್ದವರು ಇಲ್ಲಿಗೇ ಹೊರಡಬಹುದು.

ನನಗೆ ರೇಗುವುದು ‘ಹಾಡುಗಳು’ ಅನ್ನುವ ಮಾತಿಗೆ. ಕಛೇರಿ ಮುಗಿಸಿ ಬಂದ ಮೃದಂಗದವರನ್ನು ತಡೆದು ‘ಸಾರ್, ಯಾವ ರಾಗ ಚೆಂದ?’ ಅಂತ ಕೇಳಿದ ಹಾಗಾಯ್ತು. ಅವರಿಗೂ ರಾಗ ಇಷ್ಟವೇ, ಆದರೆ ಇಡೀ ಸಂಜೆ ಅವರ ಕೈ ಕಾದಿದ್ದು ಎಡುಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ. ರಿದಮ್ ಗೇಮಿನಲ್ಲೂ ಹಾಡು ಬೆರಳಿಗೆ ಏನು ಕೆಲಸ ಕೊಡುತ್ತದೆ ಅನ್ನುವುದೇ ಮುಖ್ಯ. ನೆಕ್ರೋಡ್ಯಾನ್ಸರ್‌ನಲ್ಲಿ ನೀವು ಇಡುವ ಹೆಜ್ಜೆಯೂ ರಾಕ್ಷಸರು ಇಡುವ ಹೆಜ್ಜೆಯೂ ಬೀಟಿನ ಮೇಲೇ ಬೀಳಬೇಕು. ಮೊದಲ ವಲಯದಲ್ಲೇ ವೇಗ ನಿಮಿಷಕ್ಕೆ 115 ಬೀಟ್‌ನಿಂದ 130ಕ್ಕೆ, ಅಲ್ಲಿಂದ 140ಕ್ಕೆ ಏರುತ್ತದೆ. ಮೂರನೇ ವಲಯದಲ್ಲಿ ಒಂದು ಕಡೆ ಬೆಂಕಿ, ಒಂದು ಕಡೆ ಹಿಮ. ಗಡಿ ದಾಟಿದರೆ ಅದೇ ಧಾಟಿ ರಾಕ್‌ನಿಂದ ಎಲೆಕ್ಟ್ರಾನಿಕ್‌ಗೆ ಹೊರಳುತ್ತದೆ, ಬೀಟ್ ಮಾತ್ರ ಒಂದಿಷ್ಟೂ ಕದಲುವುದಿಲ್ಲ. ಗೇಮಿನೊಳಗಿನ ಅಂಗಡಿಯವನು ಹಾಡಿನ ಜೊತೆ ದನಿಗೂಡಿಸುತ್ತಾನೆ. ಗೋಡೆಯಾಚೆ ಅವನ ದನಿ ಕೇಳಿಯೇ ಅಂಗಡಿ ಎಲ್ಲಿದೆ ಅಂತ ಹುಡುಕಬಹುದು. ಈ ಕೆಲಸ ಇಯರ್‌ಫೋನಿನಲ್ಲಿ ಬರೀ ಹಾಡು ಕೇಳಿದರೆ ತಿಳಿಯುವುದಿಲ್ಲ.

ಗೇಮ್‌ಗಳನ್ನು ಹೋಲಿಸಲೇಬೇಕಾದರೆ ಮ್ಯೂಟ್ ಮಾಡಿ ಆಡಿ ನೋಡಿ. ಗಿಟಾರ್ ಹೀರೊ (2005) ಕಣ್ಣಿನಲ್ಲೇ ಎಷ್ಟೋ ದೂರ ಆಡಬಹುದು, ಒತ್ತಬೇಕಾದ್ದು ಪರದೆ ಮೇಲೆ ಇಳಿದು ಬರುತ್ತಲೇ ಇರುತ್ತದೆ. ನಿಂಟೆಂಡೊದ ರಿದಮ್ ತೆಂಗೋಕು (2006) ಅದಕ್ಕೆ ತದ್ವಿರುದ್ಧ. ಅದರ ಕರಾಟೆ ಆಟದಲ್ಲಿ ಮಡಕೆ ಹಾರಿ ಬರುವ ಸದ್ದು ಒಂದು ಬೀಟ್, ಗುದ್ದು ಮುಂದಿನ ಬೀಟ್. ಕಣ್ಣು ಮುಚ್ಚಿ ಆಡಬಹುದು, ಕಿವಿ ಮುಚ್ಚಿದರೆ ಕಷ್ಟ. ಸೌಂಡ್‌ಟ್ರ್ಯಾಕ್ ದುಡಿಯುವುದು ಅಂದರೆ ಇದು.

ಎ ಡ್ಯಾನ್ಸ್ ಆಫ್ ಫೈರ್ ಆ್ಯಂಡ್ ಐಸ್ (2019) ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಬೇಜಾರು. ಒಂದೇ ಬಟನ್. ಎರಡು ಗ್ರಹಗಳು ಒಂದನ್ನೊಂದು ಸುತ್ತುತ್ತಾ ದಾರಿ ಹಿಡಿದು ಹೋಗುತ್ತವೆ, ದಾರಿಯ ಆಕಾರವೇ ತಾಳ. ನೇರ ದಾರಿಯಲ್ಲಿ ಗ್ರಹ 180 ಡಿಗ್ರಿ ತಿರುಗಿದರೆ ಒಂದು ಬೀಟ್. 90 ಡಿಗ್ರಿ ಮೂಲೆ ಬಂದರೆ ಅರ್ಧ ಬೀಟ್, ಅದೇ ಮೂಲೆ ಹೊರಗಿನಿಂದ ಸುತ್ತಿದರೆ 270, ಅಂದರೆ ಒಂದೂವರೆ. ತ್ರಿಕೋನದ 60 ಡಿಗ್ರಿಯಲ್ಲಿ ಬೀಟ್ ಮೂರು ಪಾಲಾಗುತ್ತದೆ: ತಕಿಟ ತಕಿಟ. ತಿಶ್ರ ನಡೆಯನ್ನು ಕಣ್ಣಿಗೆ ಕಾಣುವ ಹಾಗೆ ಬರೆದು ತೋರಿಸಿದ್ದಾರೆ!

ಇನ್ನೊಂದು ವ್ಯತ್ಯಾಸ ಇದೆ, ನನಗೆ ಬಹಳ ಮುಖ್ಯವಾದದ್ದು: ತಪ್ಪಿದರೆ ಹಾಡಿಗೆ ಏನಾಗುತ್ತದೆ? ಓಸು (2007) ಗೇಮಿನಲ್ಲಿ ಹಾಡು ತನ್ನ ಪಾಡಿಗೆ ಓಡುತ್ತದೆ, ನಿಮ್ಮ ಹೊಡೆತದ ಸದ್ದು ಅದರ ಮೇಲೆ ಕೂರುತ್ತದೆ. ಗಿಟಾರ್ ಹೀರೊದಲ್ಲಿ ತಪ್ಪಿದ ಕಡೆ ಗಿಟಾರ್ ಮಾತ್ರ ನಿಂತುಹೋಗುತ್ತದೆ. ಕೊನಾಮಿಯ ಬೀಟ್‌ಮೇನಿಯಾದಲ್ಲಿ (1997, ಐದು ಕೀ, ಒಂದು ಟರ್ನ್‌ಟೇಬಲ್) ಒಂದೊಂದು ಕೀಗೂ ಹಾಡಿನ ಒಂದೊಂದು ತುಣುಕು ಕಟ್ಟಿರುತ್ತದೆ. ಬೇಗ ಒತ್ತಿದರೆ ಅದು ಬೇಗ ಕೇಳುತ್ತದೆ, ಒತ್ತದಿದ್ದರೆ ಇಲ್ಲವೇ ಇಲ್ಲ. ಇದಕ್ಕೆ ಕೀಸೌಂಡ್ ಅನ್ನುತ್ತಾರೆ.

ಇದನ್ನೆಲ್ಲ ಬಿಟ್ಟು ‘ಸರಿಯಾಗೇ ಒತ್ತಿದ್ರೂ ಯಾಕೆ ಮಿಸ್ ಆಗುತ್ತೆ?’ ಅಂತ ಒಬ್ಬರಾದರೂ ಕೇಳಬಾರದೇ! ‘ಈ ಗೇಮಿನ ಹಾಡು ಚೆನ್ನಾಗಿಲ್ಲ’ ಅನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಬ್ಲೂಟೂತ್. ಸಾಮಾನ್ಯ ವೈರ್‌ಲೆಸ್ ಇಯರ್‌ಬಡ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 180 ಬಿಪಿಎಂ (ನಿಮಿಷಕ್ಕೆ 180 ಬೀಟ್) ಹಾಡಿನಲ್ಲಿ ಒಂದು ಬೀಟ್ 333 ಮಿಲಿಸೆಕೆಂಡ್, ಅದರ ಕಾಲು ಭಾಗ 83. ಓಸುವಿನಲ್ಲಿ ನಿಖರತೆಯ ಮಟ್ಟ 8 ಇಟ್ಟರೆ ಪೂರ್ತಿ ಅಂಕಕ್ಕೆ ಆಚೀಚೆ ಸುಮಾರು 32 ಮಿಲಿಸೆಕೆಂಡ್ ಅಷ್ಟೇ ಅವಕಾಶ. ಲೆಕ್ಕ ನೀವೇ ಹಾಕಿ.

ಎಸ್.ಪಿ. ರೋಡಿಗೆ ಹೋಗಿ ಮಾಮೂಲಿ ವೈರ್ ಇಯರ್‌ಫೋನ್ ತನ್ನಿ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಷನ್ (ಸದ್ದಿನ ತಡ ಅಳೆದು ಸರಿಹೊಂದಿಸುವುದು) ತೆರೆದು, ಪರದೆ ನೋಡದೆ, 20–30 ಬೀಟ್ ತಟ್ಟಿ. ಎಲ್ಲರೂ ಎಡವುವುದು ಇಲ್ಲೇ. ಸದ್ದು ಕೇಳಿದ ಮೇಲೆ ತಟ್ಟುತ್ತಾರೆ. ಹಾಗೆ ಮಾಡಿದರೆ ಅಳೆದದ್ದು ಇಯರ್‌ಫೋನಿನ ತಡವನ್ನಲ್ಲ, ನಿಮ್ಮ ಪ್ರತಿಕ್ರಿಯೆಯ ತಡವನ್ನು. ಮೊದಲ ನಾಲ್ಕು ಬೀಟ್ ತೊಡೆಯ ಮೇಲೆ ತಾಳ ಹಾಕಿ, ಸದ್ದಿನ ಜೊತೆಗೇ ಕೈ ಬೀಳತೊಡಗಿದ ಮೇಲೆ ಪರದೆ ಮುಟ್ಟಿ. ಆಮೇಲೆ ನಿಧಾನದ ಒಂದು ಹಾಡು ಆಡಿ, ಬೇಗ–ತಡ ತೋರಿಸುವ ಗುರುತು ನೋಡಿ. ಒಂದೇ ಕಡೆಗೆ ವಾಲಿದ್ದರೆ 10 ಮಿಲಿಸೆಕೆಂಡ್ ಸರಿಸಿ. ಪ್ಲಸ್ ಯಾವ ದಿಕ್ಕು, ಮೈನಸ್ ಯಾವ ದಿಕ್ಕು ಅನ್ನುವುದು ಗೇಮಿನಿಂದ ಗೇಮಿಗೆ ಬೇರೆ. ವಾಲುವುದು ಹೆಚ್ಚಾದರೆ ಉಲ್ಟಾ ಸರಿಸಿ. ಇಯರ್‌ಫೋನ್ ಬದಲಾದರೆ ಮತ್ತೆ ಮೊದಲಿಂದ.

ಆದರೆ ಕೀಸೌಂಡ್ ಗೇಮಿಗೆ ಈ ಕ್ಯಾಲಿಬ್ರೇಷನ್ ಮದ್ದು ಪೂರ್ತಿ ನಾಟುವುದಿಲ್ಲ. ಓಡುತ್ತಿರುವ ಹಾಡಿನ ಮುಂದಿನ ಸದ್ದು ಗೇಮಿಗೆ ಮೊದಲೇ ಗೊತ್ತು, ಆದ್ದರಿಂದ ಲೆಕ್ಕ ಸರಿಸಬಹುದು. ನೀವು ಯಾವಾಗ ಒತ್ತುತ್ತೀರಿ ಅಂತ ಅದಕ್ಕೆ ಗೊತ್ತಿಲ್ಲ. ಒತ್ತಿದ ಮೇಲೆ ಹುಟ್ಟುವ ಸದ್ದು ಬ್ಲೂಟೂತ್ ದಾಟಿ ಬರುವಷ್ಟರಲ್ಲಿ ತಡವಾಗಿಯೇ ಇರುತ್ತದೆ, ಯಾವ ಸೆಟ್ಟಿಂಗೂ ಅದನ್ನು ಹಿಂದಕ್ಕೆ ಎಳೆಯಲಾರದು. ಇಂಥ ಗೇಮನ್ನು ವೈರ್ ಹಾಕಿಕೊಂಡು ಒಂದು ವಾರ ಆಡಿ. ಆಮೇಲೆ ಅದರ ಹಾಡು ಚೆನ್ನಾಗಿಲ್ಲ ಅಂತ ಹೇಳಿ, ಕೇಳುತ್ತೇನೆ.