ಹಳೆ ಬುಲೆಟ್ 350: 16 ಹಲ್ಲಿನಿಂದ 18ಕ್ಕೆ, ಅಲ್ಲಿಂದ 17ಕ್ಕೆ

ಗಾಡಿ: ಕಬ್ಬಿಣದ ಬ್ಲಾಕಿನ ಬುಲೆಟ್ 350, ಬಲಗಾಲಿನ ಗೇರ್, ಎಡಗಾಲಿನ ಬ್ರೇಕ್, ನಾಲ್ಕು ಗೇರಿನ ಆಲ್ಬಿಯನ್ ಮಾದರಿಯ ಗೇರ್‌ಬಾಕ್ಸ್, ಪಾಯಿಂಟ್ ಇಗ್ನಿಷನ್. ದೂರು ಒಂದೇ. ಹೆದ್ದಾರಿಯಲ್ಲಿ 80 ದಾಟಿದರೆ ಹ್ಯಾಂಡಲ್, ಫುಟ್‌ರೆಸ್ಟ್ ಎಲ್ಲ ಜುಮ್ಮೆನ್ನುತ್ತವೆ, ಕಾಲು ತಾನಾಗಿ ಇಲ್ಲದ ಐದನೇ ಗೇರನ್ನು ಹುಡುಕುತ್ತದೆ. ಮುಂದಿನ ಸ್ಪ್ರಾಕೆಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚೈನನ್ನು ಓಡಿಸುವ ಹಲ್ಲುಚಕ್ರ, ದೊಡ್ಡದು ಹಾಕಿದರೆ ಇಂಜಿನ್ ಸುತ್ತು ಇಳಿಯುತ್ತದೆ, ಅದೇ ಕೆಲಸ. ಹಿಂದಿನದನ್ನು ಯಾಕೆ ಬದಲಿಸಬಾರದು ಎಂದರೆ, ಈ ಗಾಡಿಯಲ್ಲಿ 38 ಹಲ್ಲಿನ ಹಿಂದಿನ ಸ್ಪ್ರಾಕೆಟ್ ಮತ್ತು ಬ್ರೇಕ್ ಡ್ರಮ್ ಒಂದೇ ಎರಕ. ಬೋಲ್ಟ್ ಬಿಚ್ಚಿ ಬೇರೆ ಹಾಕುವ ಅವಕಾಶವೇ ಇಲ್ಲ.

ಮೊದಲ ದಿನ: ಎಣಿಕೆ, ಲೆಕ್ಕ

ಸ್ಪ್ಯಾನರ್ ಮುಟ್ಟುವ ಮೊದಲು ಹಲ್ಲು ಎಣಿಸಬೇಕು. ಮೂವತ್ತು ನಲವತ್ತು ವರ್ಷದ ಗಾಡಿಯಲ್ಲಿ ಹಿಂದಿನವರು ಯಾರು ಏನು ಹಾಕಿದ್ದಾರೋ ಪುಸ್ತಕಕ್ಕೆ ಗೊತ್ತಿರುವುದಿಲ್ಲ. ಸ್ಪ್ರಾಕೆಟ್ ಮರೆಯಲ್ಲಿ ಇರುವುದರಿಂದ ಸುಲಭದ ದಾರಿ ಇದು: ನ್ಯೂಟ್ರಲ್‌ನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಚೈನಿನ ಒಂದು ಕೊಂಡಿಗೆ ಬಣ್ಣ ಹಚ್ಚಿ, ಹಿಂದಿನ ಚಕ್ರವನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದರೆ 38 ಕೊಂಡಿ ದಾಟುತ್ತವೆ, ಹಿಂದಿನದು 38 ಹೌದೋ ಅಲ್ಲವೋ ಖಚಿತವಾಯಿತು. ಮುಂದಿನದನ್ನು ಕೇಸ್ ಬಿಚ್ಚಿದ ಮೇಲೆ ಕಣ್ಣಾರೆ ಎಣಿಸುವುದು. ಇಲ್ಲಿ 16 ಸಿಕ್ಕಿತು, 350ಕ್ಕೆ ಕಂಪನಿ ಹಾಕಿ ಕಳಿಸುತ್ತಿದ್ದದ್ದೇ. 500ರಲ್ಲಿ 17 ಇರುತ್ತಿತ್ತು.

ಪ್ರೈಮರಿ ಕಡೆ, ಅಂದರೆ ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನಿನಲ್ಲಿ, ಇಂಜಿನ್ ಸ್ಪ್ರಾಕೆಟ್ 25, ಕ್ಲಚ್ ಸ್ಪ್ರಾಕೆಟ್ 56, ಅಂದರೆ 2.24. ಗೇರ್‌ಬಾಕ್ಸ್ ಒಳಗೆ 2.78, 1.84, 1.36, 1.00. ಟಾಪ್‌ನಲ್ಲಿ ಇಂಜಿನ್ನಿಗೂ ಚಕ್ರಕ್ಕೂ ಇರುವ ಒಟ್ಟು ಅನುಪಾತ 16 ಹಲ್ಲಿಗೆ 5.32, 17ಕ್ಕೆ 5.01, 18ಕ್ಕೆ 4.73.

ಟೈರ್ 3.25-19. ಗಾಳಿ ಸರಿಮಾಡಿ, ಸವಾರ ಕೂತು, ಸೀಮೆಸುಣ್ಣದ ಗುರುತಿನಿಂದ ಗುರುತಿಗೆ ಗಾಡಿ ಉರುಳಿಸಿ ಅಳೆದರೆ ಒಂದು ಸುತ್ತಿಗೆ ಹತ್ತಿರ ಹತ್ತಿರ 2 ಮೀಟರ್. ಹಾಗಾದರೆ ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ 16 ಹಲ್ಲಿನಲ್ಲಿ ನಿಮಿಷಕ್ಕೆ ಸುಮಾರು 3,550 ಸುತ್ತು, 17ರಲ್ಲಿ 3,340, 18ರಲ್ಲಿ 3,150. ಒಂದು ಹಲ್ಲಿಗೆ ಇನ್ನೂರು ಚಿಲ್ಲರೆ ಸುತ್ತು. ಕಾಗದದ ಮೇಲೆ ಸಣ್ಣದು. ಒಂದೇ ಸಿಲಿಂಡರಿನ, 90 ಮಿ.ಮೀ. ಸ್ಟ್ರೋಕಿನ ಇಂಜಿನ್ನಿನ ಮೇಲೆ ಕೂತವರಿಗೆ ಸಣ್ಣದಲ್ಲ.

"ದೊಡ್ಡ ಸ್ಪ್ರಾಕೆಟ್ ಹಾಕಿದರೆ ಸ್ಪೀಡ್ ಜಾಸ್ತಿ" ಎನ್ನುವ ಮಾತನ್ನೂ ಇದೇ ಲೆಕ್ಕಕ್ಕೆ ಒಡ್ಡಬೇಕು. ಈ ಇಂಜಿನ್ 18 ಕುದುರೆ ಶಕ್ತಿ ಕೊಡುವುದು 5,625 ಸುತ್ತಿನಲ್ಲಿ. 16 ಹಲ್ಲಿನಲ್ಲೇ ಆ ಸುತ್ತು ಬರಬೇಕಾದರೆ ಗಾಡಿ ಟಾಪ್‌ನಲ್ಲಿ 127 ಓಡಬೇಕು. ಹಳೆ 350 ಸಮತಟ್ಟಿನಲ್ಲಿ ಅಲ್ಲಿಗೆ ಮುಟ್ಟುವುದಿಲ್ಲ, ಗಾಳಿಯೇ ಅದಕ್ಕೂ ಮೊದಲು ತಡೆದು ನಿಲ್ಲಿಸುತ್ತದೆ. 18 ಹಾಕಿದರೆ ಅದೇ ಸುತ್ತು 143ಕ್ಕೆ ಸರಿಯುತ್ತದೆ, ಇಂಜಿನ್ ತನ್ನ ಪೂರ್ತಿ ಶಕ್ತಿಯಿಂದ ಇನ್ನೂ ದೂರ ಉಳಿಯುತ್ತದೆ. ಗರಿಷ್ಠ ವೇಗ ಏರುವುದಿರಲಿ, ಎದುರುಗಾಳಿಯಲ್ಲಿ ಇಳಿದರೂ ಇಳಿದೀತು. ಈ ಬದಲಾವಣೆಯಿಂದ ಸಿಗುವುದು ಹೆದ್ದಾರಿಯಲ್ಲಿ ನೆಮ್ಮದಿ, ವೇಗವಲ್ಲ.

ಎರಡನೇ ದಿನ: ಬಿಚ್ಚುವುದು

ಇತರ ಬೈಕುಗಳಲ್ಲಿ ಸಣ್ಣ ಕವರ್ ತೆಗೆದು ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಇಲ್ಲಿ ಅರ್ಧ ದಿನ ತಿನ್ನುತ್ತದೆ. ಗೇರ್‌ಬಾಕ್ಸ್ ಸ್ಪ್ರಾಕೆಟ್ ಕೂತಿರುವುದು ಕ್ಲಚ್ಚಿನ ಹಿಂದೆ, ಪ್ರೈಮರಿ ಚೈನ್ ಕೇಸಿನ ಒಳಗೋಡೆಯ ಆಚೆ.

ಮೊದಲೇ ತಂದಿಟ್ಟುಕೊಳ್ಳಬೇಕಾದದ್ದು: ಹೊಸ ಸ್ಪ್ರಾಕೆಟ್, ಅದರ ನಟ್‌ನ ಲಾಕ್, ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್, ಒಳ ಕೇಸಿನ ಪ್ಯಾಕಿಂಗ್, ಹೊರ ಕೇಸಿನ ರಬ್ಬರ್ ಸೀಲ್, ಕ್ಲಚ್ ನಟ್‌ನ ಟ್ಯಾಬ್ ವಾಷರ್, ಹೊಸ ಚೈನು ಮತ್ತು ಅದರ ಜಾಯಿಂಟ್ ಲಿಂಕ್. ಕ್ಲಚ್ ಪುಲ್ಲರ್ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಲ್ಲದೆ ಶುರುಮಾಡಬೇಡಿ. ಸೀಲ್ ಹಳೆಯದೇ ಇರಲಿ ಎಂದು ಬಿಟ್ಟರೆ ಹದಿನೈದು ದಿನದಲ್ಲಿ ಇಷ್ಟನ್ನೂ ಮತ್ತೆ ಬಿಚ್ಚುವ ಯೋಗ ಬರುತ್ತದೆ.

ಕೇಸಿನ ಎಣ್ಣೆ ಇಳಿಸಿ, ಎಡ ಫುಟ್‌ರೆಸ್ಟ್ ತೆಗೆದು, ಬ್ರೇಕ್ ಪೆಡಲನ್ನು ದಾರಿಯಿಂದ ಸರಿಸಿದರೆ ಹೊರ ಕೇಸ್ ಬರುತ್ತದೆ. ಅದನ್ನು ಹಿಡಿದಿರುವುದು ನಡುವಿನ ಒಂದೇ ದೊಡ್ಡ ನಟ್. ಒಳಗೆ ಮುಂದೆ ಆಲ್ಟರ್ನೇಟರ್, ಹಿಂದೆ ಕ್ಲಚ್, ನಡುವೆ ಎರಡು ಸಾಲಿನ ಪ್ರೈಮರಿ ಚೈನ್. ಆಲ್ಟರ್ನೇಟರಿನ ತಿರುಗದ ಕಾಯಿಲ್ ಭಾಗವಾದ ಸ್ಟೇಟರ್ ಮೂರು ಸ್ಟಡ್‌ಗಳ ಮೇಲೆ ಕೂತಿದೆ. ಅದರ ಹಿಂದಿನ ವಾಷರ್‌ಗಳು ಯಾವ ಸ್ಟಡ್‌ನದು ಅದಕ್ಕೇ ಹೋಗಬೇಕು, ದಾರದಲ್ಲಿ ಪೋಣಿಸಿಡಿ. ಅದರೊಳಗೆ ತಿರುಗುವ ರೋಟರ್ ಕಳಚುವಾಗ ಅದರ ಕೀ ಎಲ್ಲಿ ಬಿತ್ತು ನೋಡಿಕೊಳ್ಳಿ. ರೋಟರ್ ಅಯಸ್ಕಾಂತ, ಬೆಂಚಿನ ಮೇಲಿನ ಕಬ್ಬಿಣದ ಪುಡಿಯನ್ನೆಲ್ಲ ಬಾಚಿಕೊಳ್ಳುತ್ತದೆ; ಬಟ್ಟೆಯಲ್ಲಿ ಸುತ್ತಿಡುವುದು ಒಳ್ಳೆಯದು.

ಕ್ಲಚ್ಚಿನ ಮೂರು ಸ್ಪ್ರಿಂಗ್, ಪ್ರೆಷರ್ ಪ್ಲೇಟ್, ಪ್ಲೇಟುಗಳು ಹೊರಬಂದ ಮೇಲೆ ನಡುವಿನ ನಟ್. ಗಾಡಿ ಟಾಪ್ ಗೇರಿನಲ್ಲಿರಲಿ, ಹಿಂದಿನ ಬ್ರೇಕನ್ನು ಇನ್ನೊಬ್ಬರು ಡ್ರಮ್ಮಿನ ಆರ್ಮ್ ಹಿಡಿದು ಒತ್ತಲಿ, ನಟ್ ಸಡಿಲವಾಗುತ್ತದೆ. ಪ್ರೈಮರಿ ಚೈನಿಗೆ ಜಾಯಿಂಟ್ ಇಲ್ಲ, ಹಾಗಾಗಿ ಇಂಜಿನ್ ಸ್ಪ್ರಾಕೆಟ್, ಚೈನ್, ಕ್ಲಚ್ ಡ್ರಮ್ ಮೂರೂ ಒಟ್ಟಿಗೇ ಬರಬೇಕು. ಎರಡೂ ತುದಿಯನ್ನು ಸಮವಾಗಿ, ಸ್ವಲ್ಪ ಸ್ವಲ್ಪವೇ ಎಳೆಯುವುದು. ಶಾಫ್ಟಿನ ತುದಿಗೆ ಸುತ್ತಿಗೆ ಬೇಡ.

ಒಳ ಕೇಸಿನ ಸ್ಕ್ರೂಗಳು ಇಂಜಿನ್ ಸ್ಪ್ರಾಕೆಟ್ ಇದ್ದ ಜಾಗದ ಹಿಂದಿವೆ, ಲಾಕ್ ಮಡಚಿರುತ್ತದೆ. ಅದೂ ಬಂತೆಂದರೆ ಕೊನೆಗೆ ಸ್ಪ್ರಾಕೆಟ್ ದರ್ಶನ.

ಹೆಚ್ಚಿನವರು ಎಡವುವುದು ಇಲ್ಲಿ. ಹಿಂದಿನ ಚೈನನ್ನು ಮೊದಲೇ ಕಳಚಿಬಿಟ್ಟಿದ್ದರೆ ಸ್ಪ್ರಾಕೆಟನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಚೈನ್ ಇರಲಿ, ಬ್ರೇಕ್ ಒತ್ತಿರಲಿ, ಮೊದಲು ದೊಡ್ಡ ನಟ್ ಸಡಿಲಿಸಿ, ಆಮೇಲೆ ಚೈನ್. ನಟ್‌ನ ಲಾಕ್ ಸ್ಕ್ರೂ ತೆಗೆಯದೆ ಬಲ ಹಾಕಿದರೆ ಶಾಫ್ಟಿನ ಥ್ರೆಡ್ ಹೋಗುತ್ತದೆ. ನಟ್‌ನ ಹೊರಗೆ ಇಣುಕುವ ಥ್ರೆಡ್ಡಿನ ಓರೆಯನ್ನು ಟಾರ್ಚ್ ಹಾಕಿ ನೋಡಿ ತಿರುಗಿಸುವ ದಿಕ್ಕು ತೀರ್ಮಾನಿಸಿ. ಉದ್ದನೆಯ ಪೈಪ್ ಸಿಕ್ಕಿಸಿ ತಪ್ಪು ದಿಕ್ಕಿಗೆ ಎಳೆದವರ ಗೇರ್‌ಬಾಕ್ಸ್‌ಗಳು ಎಲ್ಲ ಗ್ಯಾರೇಜಿನ ಮೂಲೆಯಲ್ಲೂ ಒಂದಾದರೂ ಇರುತ್ತವೆ.

ಹಳೆಯ 16ರ ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದವು. ಚೈನಿನ ಪಿಚ್ 15.875 ಮಿ.ಮೀ., ಅಂದರೆ 5/8 ಇಂಚು. ಹೊಸದರಲ್ಲಿ 20 ಪಿಚ್‌ಗೆ 317.5 ಮಿ.ಮೀ.; ಬಿಗಿಯಾಗಿ ಎಳೆದು ಅಳೆದಾಗ 324ಕ್ಕೆ ಬಂದರೆ ಶೇ. 2ರಷ್ಟು ಉದ್ದವಾಗಿದೆ, ಎಸೆಯುವುದೇ ಸರಿ. ಇದು ಆ ಗಡಿ ದಾಟಿತ್ತು. ಹೊಸ ಸ್ಪ್ರಾಕೆಟ್ ಮೇಲೆ ಸವೆದ ಚೈನ್ ಹಾಕುವುದು ದುಡ್ಡನ್ನು ಅರೆಯಲು ಹಾಕಿದಂತೆ.

ಮೂರನೇ ದಿನ: 18 ಹಾಕಿ ಜೋಡಣೆ

ಸೀಲ್ ಹೊಸದು, ಅದರ ತುಟಿಗೆ ಎಣ್ಣೆ ಸವರಿ ಸ್ಪ್ರಾಕೆಟ್ ಕೂರಿಸಿ, ನಟ್ ಬಿಗಿದು ಲಾಕ್. ಚೈನನ್ನು ಕೈಯಿಂದ ಒಂದು ಪೂರ್ತಿ ಸುತ್ತು ಎಳೆದು, ಕೊಂಡಿಗಳಿಗೂ ಕೇಸಿಗೂ ನಡುವೆ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ ಮುಂದಕ್ಕೆ ಹೋಗಬೇಕು. ಒಳ ಕೇಸ್ ಹಾಕಿದ ಮೇಲೆ ಮತ್ತೊಮ್ಮೆ.

ರೋಟರ್ ಮತ್ತು ಸ್ಟೇಟರ್ ನಡುವೆ ಸುತ್ತಲೂ ಕನಿಷ್ಠ 0.2 ಮಿ.ಮೀ. ಸಂದು. ಒಂದೇ ಕಡೆ ನೋಡಿ ಬಿಡಬೇಡಿ. ಒಂದು ಬದಿಯಲ್ಲಿ ಉಜ್ಜಿದರೂ ಕಾಯಿಲ್ ಹಾಳಾದೀತು. ಪ್ರೈಮರಿ ಚೈನಿನ ಆಟ (ಮೇಲೆ ಕೆಳಗೆ ಆಡುವ ಸಡಿಲ) ಅತಿ ಬಿಗಿಯಾದ ಜಾಗದಲ್ಲಿ 6 ಮಿ.ಮೀ. ಹೊರ ಕೇಸಿನ ಆ ಒಂದೇ ನಟ್ ಅನ್ನು ಸೋರಿಕೆಗೆ ಹೆದರಿ ಜಗ್ಗಿ ಬಿಗಿದರೆ ಅಲ್ಯೂಮಿನಿಯಂ ಕೇಸ್ ಬಾಗಿ ಇನ್ನಷ್ಟು ಸೋರುತ್ತದೆ. ಸೀಲ್ ಸರಿಯಾಗಿ ಕೂತಿದ್ದರೆ ಸಾಧಾರಣ ಬಿಗಿ ಸಾಕು. ಎಣ್ಣೆ ಲೆವೆಲ್ ಪ್ಲಗ್‌ನ ತನಕ.

ಎರಡು ಹಲ್ಲು ಹೆಚ್ಚಾದದ್ದಕ್ಕೆ ಅದೇ ಉದ್ದದ ಚೈನಿನಲ್ಲಿ ಹಿಂದಿನ ಚಕ್ರ ಸುಮಾರು 8 ಮಿ.ಮೀ. ಮುಂದೆ ಬರುತ್ತದೆ, ಒಂದು ಹಲ್ಲಿಗೆ 4ರ ಲೆಕ್ಕ. ಚೈನ್ ಬಿಗಿ ಹೊಂದಿಸಲು ಹಿಂದಿನ ಆಕ್ಸಲಿನಲ್ಲಿರುವ ಎರಡೂ ಬದಿಯ ಬಸವನಹುಳು ಆಕಾರದ ಕ್ಯಾಮ್ ಒಂದೇ ಕಚ್ಚಿನಲ್ಲಿರಲಿ. ಚಕ್ರ ಮುಂದೆ ಬಂದಿದೆಯೆಂದರೆ ಬ್ರೇಕ್ ರಾಡ್ ಸಡಿಲವಾಗಿದೆ ಎಂದೇ ಅರ್ಥ, ಅದನ್ನು ಮರೆತು ರಸ್ತೆಗೆ ಇಳಿಯಬೇಡಿ. ಚೈನ್ ಆಟ ಅತಿ ಬಿಗಿಯಾದ ಜಾಗದಲ್ಲಿ 25 ಮಿ.ಮೀ. ಜಾಯಿಂಟ್ ಲಿಂಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ. ಸ್ಪೀಡೋಮೀಟರ್ ಕೇಬಲ್ ಈ ಗಾಡಿಯಲ್ಲಿ ಮುಂದಿನ ಚಕ್ರದಿಂದ ಬರುವುದರಿಂದ ಮುಳ್ಳು ಸುಳ್ಳು ಹೇಳುವುದಿಲ್ಲ.

ರಸ್ತೆಯಲ್ಲಿ 18

ಬೆಂಗಳೂರಿನಿಂದ ಹಾಸನದ ಕಡೆಗೆ, ಸಮತಟ್ಟಿನಲ್ಲಿ ಒಬ್ಬರೇ ಇದ್ದಾಗ 75–80ರಲ್ಲಿ ಗಾಡಿ ನಿಜಕ್ಕೂ ಹಗುರ. ಬೇರೆ ಎಲ್ಲ ಕಡೆ ಬೆಲೆ ತೆರಬೇಕು. ಮೊದಲ ಗೇರಿನ ಒಟ್ಟು ಅನುಪಾತ 14.8ರಿಂದ 13.1ಕ್ಕೆ ಇಳಿದಿದೆ, ಹಿಂದೆ ಒಬ್ಬರು ಕೂತು ಸಿಗ್ನಲ್ಲಿನಲ್ಲಿ ಏರುಮುಖವಾಗಿ ನಿಂತಿದ್ದರೆ ಕ್ಲಚ್ಚನ್ನು ಎಳೆದಾಡಿಸಿಯೇ ಹೊರಡಬೇಕು. ಟಾಪ್‌ನಲ್ಲಿ 40 ಕಿ.ಮೀ. ವೇಗವೆಂದರೆ 1,580 ಸುತ್ತು ಮಾತ್ರ. ಅಲ್ಲಿ ಥ್ರಾಟಲ್ ತೆರೆದರೆ ಟಕಟಕ ಎಂದು ನಾಕಿಂಗ್. ಹಳೆ ಬುಲೆಟ್ಟಿನಲ್ಲಿ ಕನೆಕ್ಟಿಂಗ್ ರಾಡಿನ ಕ್ರ್ಯಾಂಕ್ ಕಡೆಯ ತುದಿಯಾದ ಬಿಗ್ ಎಂಡ್‌ನಲ್ಲಿ ತೇಲುವ ಬುಷ್ ಇರುತ್ತದೆ, ಅದು ಬದುಕುವುದು ಎಣ್ಣೆಯ ಪದರದ ಮೇಲೆ. ಸುತ್ತು ಕಡಿಮೆ, ಭಾರ ಹೆಚ್ಚು ಎಂಬ ಸ್ಥಿತಿ ಅದಕ್ಕೆ ಶತ್ರು. ಇಂಜಿನ್ನಿಗೆ ಆರಾಮ ಎಂದು ಹಾಕಿದ ಸ್ಪ್ರಾಕೆಟ್, ಊರೊಳಗೆ ಟಾಪ್ ಗೇರ್ ಬಿಡದ ಸವಾರನ ಕೈಗೆ ಸಿಕ್ಕರೆ ಇಂಜಿನ್ನನ್ನೇ ತಿನ್ನುತ್ತದೆ.

ಶಿರಾಡಿ ಏರಿನಲ್ಲಿ ಇನ್ನೊಂದು ಸಮಸ್ಯೆ. ಮೂರಕ್ಕೂ ನಾಲ್ಕಕ್ಕೂ ನಡುವೆ 1.36ರ ದೊಡ್ಡ ಅಂತರ. ಟಾಪ್ ಎಳೆಯುವುದಿಲ್ಲ, ಮೂರಕ್ಕೆ ಇಳಿಸಿದರೆ ಲಾರಿ ಹಿಂದೆ ಸಿಕ್ಕಿಕೊಂಡಾಗ ಮತ್ತೆ ಎರಡು. 16ರಲ್ಲಿ ಟಾಪ್‌ನಲ್ಲೇ ಉಸಿರು ಹಿಡಿದು ಏರುತ್ತಿದ್ದ ಸುಲಭದ ತುಂಡುಗಳಲ್ಲೂ ಈಗ ಮೂರು ಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳ ಬಗ್ಗೆ ಹೇಳುವುದೇ ಬೇಡ.

ಮತ್ತೆ ಬಿಚ್ಚಿ 17

ಎರಡನೇ ಸಲ ಕೈ ಪಳಗಿರುತ್ತದೆ, ಕೆಲಸ ಬೇಗ. 17ರಲ್ಲಿ 80ರ ವೇಗಕ್ಕೆ 3,340 ಸುತ್ತು, ಮೊದಲ ಗೇರ್ 13.9. ಏರಿನಲ್ಲಿ 16ಕ್ಕಿಂತ ತುಸು ಸೋಮಾರಿ, 18ರ ಹಾಗೆ ಹಠಮಾರಿ ಅಲ್ಲ. ಊರೊಳಗೆ 45ರ ಕೆಳಗೆ ಟಾಪ್ ಬೇಡ ಎಂಬ ಒಂದು ಅಭ್ಯಾಸ ಮಾಡಿಕೊಂಡರೆ ಸಾಕು. 18 ಹಲ್ಲಿನದು 500ರ ಟಾರ್ಕಿಗೆ ಒಪ್ಪುತ್ತದೆ, 350ಕ್ಕೆ 17 ಮೇಲ್ಮಿತಿ ಎಂದೇ ಇಟ್ಟುಕೊಳ್ಳಬಹುದು.

17ಕ್ಕೆ ಇನ್ನೊಂದು ಸಣ್ಣ ಲಾಭವಿದೆ. ಚೈನಿನ ಕೊಂಡಿಗಳ ಸಂಖ್ಯೆ ಸಮ. ಸ್ಪ್ರಾಕೆಟ್ಟಿನದೂ ಸಮವಾಗಿದ್ದರೆ ಒಂದು ಹಲ್ಲಿಗೆ ಸದಾ ಒಳ ಕೊಂಡಿಯೇ, ಪಕ್ಕದ ಹಲ್ಲಿಗೆ ಸದಾ ಹೊರ ಕೊಂಡಿಯೇ ಸಿಗುತ್ತದೆ. ಬೆಸ ಹಲ್ಲಿನ 17ರಲ್ಲಿ ಅದು ಸುತ್ತು ಸುತ್ತಿಗೂ ಅದಲುಬದಲಾಗಿ ಸವೆತ ಹಂಚಿಹೋಗುತ್ತದೆ.

ಹೊಸ ಚೈನ್ ಮೊದಲ 500 ಕಿಲೋಮೀಟರಿನಲ್ಲಿ ಹೆಚ್ಚು ಸಡಿಲಾಗುತ್ತದೆ. ಆಗ ಒಮ್ಮೆ ಕ್ಯಾಮ್ ಒಂದು ಕಚ್ಚು ಹಿಂದಕ್ಕೆ, ಬ್ರೇಕ್ ರಾಡ್ ಮತ್ತೆ ಹೊಂದಿಸಿ, ಕೇಸಿನ ಅಡಿಯಲ್ಲಿ ರಾತ್ರಿ ಒಂದು ರಟ್ಟು ಹಾಸಿಟ್ಟು ಬೆಳಿಗ್ಗೆ ಎಣ್ಣೆಯ ಹನಿ ಎಲ್ಲಿ ಬಿದ್ದಿದೆ ನೋಡಿ. ಕೇಸಿನ ಅಂಚಿನ ಕೆಳಗಿದ್ದರೆ ಹೊರ ಸೀಲ್, ಸ್ಪ್ರಾಕೆಟ್ಟಿನ ಕೆಳಗಿದ್ದರೆ ಅದರ ಹಿಂದಿನ ಸೀಲ್.