ಆರು ಹೊಸ ಕತ್ತಿ, ಒಂದು ಎಡಗೈ

ಜೂನ್ ಬಂತೆಂದರೆ ನಮ್ಮ ನರ್ಸರಿಯಲ್ಲಿ ಗೇರು ಕಸಿಯ ಕೆಲಸ ಶುರು. ಪುತ್ತೂರಿನ ಕಡೆಯ ಮಳೆ ಹೇಗೆಂದು ನಿಮಗೆ ಗೊತ್ತಲ್ಲ, ಮೂರು ತಿಂಗಳು ಚಪ್ಪಲಿ ಒಣಗುವುದಿಲ್ಲ. ಕತ್ತಿಯೂ ಒಣಗುವುದಿಲ್ಲ.

ಕಸಿ ಕಟ್ಟುವುದು ನೋಡಲಿಕ್ಕೆ ಸುಲಭ. ಎರಡು ತಿಂಗಳಿನ ಆಸುಪಾಸಿನ ಗಿಡದ ತಲೆ ಕತ್ತರಿಸಬೇಕು, ನಡುವೆ ಸೀಳಬೇಕು. ತಾಯಿ ಮರದಿಂದ ತಂದ ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೊಯ್ದು ಆ ಸೀಳಿಗೆ ಇಳಿಸಬೇಕು, ಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಅಷ್ಟೇ. ಆದರೆ ಬೆಣೆಯ ಎರಡೂ ಮುಖ ಚಪ್ಪಟೆಯಾಗಿರಬೇಕು. ಸಿಪ್ಪೆಯ ಕೆಳಗಿನ ತೆಳು ಹಸಿರು ಪದರ ಒಂದಕ್ಕೊಂದು ಅಂಟಿಕೊಳ್ಳದಿದ್ದರೆ ಕಡ್ಡಿ ಒಣಗುತ್ತದೆ. ಒಣಗಿತು ಎಂದು ಗೊತ್ತಾಗುವಾಗ ಮೂರು ವಾರ ಕಳೆದಿರುತ್ತದೆ.

ಹಾಗಾಗಿ ನನಗೆ ಕತ್ತಿಯ ಹುಚ್ಚು ಹಿಡಿಯಿತು.

ಮೊದಲು ತಂದದ್ದು ಒಪಿನೆಲ್ 8ನೇ ನಂಬರ್. ಫ್ರಾನ್ಸಿನ ಸವೊಯ್ ಎಂಬ ಬೆಟ್ಟದ ಸೀಮೆಯಲ್ಲಿ 1890ರಲ್ಲಿ ಶುರುವಾದ ಕತ್ತಿ ಇದು. ಬೀಚ್ ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಅಲಗು, ಅಲಗು ಮಡಚಿಕೊಳ್ಳದ ಹಾಗೆ ತಿರುಗಿಸುವ ಒಂದು ಬಳೆ. ಕಾರ್ಬನ್ ಸ್ಟೀಲಿನದ್ದು ತೆಗೆದುಕೊಂಡೆ. ಎಂಥಾ ಹರಿತ ಮಾರಾಯ್ರೆ! ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸಾಕು, ಕೈಯ ರೋಮ ಬೋಳಿಸುತ್ತದೆ. ಮಾವಿನ ಸೊನೆ ತಾಗಿದರೆ ಅಲಗು ಕಪ್ಪಾಗುತ್ತದೆ, ಅದು ಪರವಾಗಿಲ್ಲ. ಆದರೆ ಒಂದು ರಾತ್ರಿ ಒದ್ದೆ ಗೋಣಿಯ ಮೇಲೆ ಮರೆತುಬಿಟ್ಟೆ. ಬೆಳಿಗ್ಗೆ ಅಲಗಿನ ಮೇಲೆ ಕೆಂಪು ತುಕ್ಕು. ಹಿಡಿ ನೀರು ಕುಡಿದು ಉಬ್ಬಿ ಕತ್ತಿ ಬಿಚ್ಚುವುದಕ್ಕೇ ಬರಲಿಲ್ಲ. ಮರದ ಹಿಡಿಯ ಗುಣವೇ ಅದು, ಬಿಟ್ಟವನದ್ದು ತಪ್ಪು. ಸವೊಯ್‌ನವರಿಗೂ ಇದು ಗೊತ್ತು, ಹಿಡಿಯ ತುದಿಯನ್ನು ಮೇಜಿಗೆ ಕುಟ್ಟಿ ಅಲಗು ಹೊರಗೆ ಇಣುಕುವ ಹಾಗೆ ಮಾಡುತ್ತಾರಂತೆ. ನಾನು ಮೆಟ್ಟಿಲಿಗೆ ಕುಟ್ಟಿದೆ. ಬಂತು.

ಆಮೇಲೆ ತುಕ್ಕು ಹಿಡಿಯದ್ದು ಬೇಕು ಅಂತ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕತ್ತಿ. ಹೆಸರಿನಲ್ಲೇ ಸ್ಟೇನ್‌ಲೆಸ್ ಇದೆ ನೋಡಿ: ಕಂಪನಿ ಕಟ್ಟಿದವರ ತಾಯಿಯ ಹೆಸರು ವಿಕ್ಟೋರಿಯಾ, ಸ್ಟೇನ್‌ಲೆಸ್ಸಿಗೆ ಫ್ರೆಂಚಿನಲ್ಲಿ ಇನಾಕ್ಸ್. ಇದರ ಸ್ಟೀಲು ತುಂಬಾ ಗಡಸಲ್ಲ, ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಪೆಟ್ಟಿಗೆ, ಹಗ್ಗ, ಗೊಬ್ಬರದ ಚೀಲ, ಮಧ್ಯಾಹ್ನದ ಮಾವಿನಹಣ್ಣು ಎಲ್ಲಕ್ಕೂ ಆಗುತ್ತದೆ. ಜೇಬಿನಲ್ಲಿ ಒಂದೇ ಕತ್ತಿ ಇಟ್ಟುಕೊಳ್ಳುವವರು ಕೇಳಿದರೆ ನಾನು ಇದನ್ನೋ, ಒಪಿನೆಲ್‌ನ ಇನಾಕ್ಸನ್ನೋ ಹೇಳುತ್ತೇನೆ. ಆ ಇನಾಕ್ಸಿನದ್ದು ಸ್ವೀಡನ್ನಿನ ಸ್ಯಾಂಡ್ವಿಕ್ 12ಸಿ27 ಜಾತಿಯ ಸ್ಟೀಲು, ಬಾಯಿ ನಯವಾಗಿ ಕೂರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ವಿಡಿಯೋಗಳಲ್ಲಿ ಎಲ್ಲರೂ ಡಿ2, ಡಿ2 ಅಂತ ಒಂದು ಜಾತಿಯ ಸ್ಟೀಲನ್ನು ಹೊಗಳುತ್ತಿದ್ದರು. ಕಡಿಮೆ ದುಡ್ಡಿಗೆ ಆ ಸ್ಟೀಲಿನ ಒಂದು ಚೀನಾ ಕತ್ತಿ ತರಿಸಿದೆ. ಪೀಣ್ಯದಲ್ಲಿ ಟೂಲ್‌ರೂಮಿನಲ್ಲಿರುವ ನನ್ನ ಭಾವ ಅದನ್ನು ನೋಡಿ ನಕ್ಕ. "ಇದು ನಮ್ಮ ಎಚ್‌ಸಿಎಚ್‌ಸಿಆರ್ ಅಲ್ವಾ, ಇದರಲ್ಲಿ ನಾವು ಡೈ, ಪಂಚ್ ಮಾಡ್ತೇವೆ. ನೀನು ಗಿಡ ಕೊಯ್ತೀಯಾ?" ಎಚ್‌ಸಿಎಚ್‌ಸಿಆರ್ ಅಂದರೆ ಹೈ ಕಾರ್ಬನ್, ಹೈ ಕ್ರೋಮಿಯಂ: ಡಿ2ನಲ್ಲಿ ಸುಮಾರು ಒಂದೂವರೆ ಶೇಕಡಾ ಕಾರ್ಬನ್, 12 ಶೇಕಡಾ ಕ್ರೋಮಿಯಂ. ಅಷ್ಟು ಕ್ರೋಮಿಯಂ ಇದ್ದರೂ ನಮ್ಮ ಮಳೆಗೆ ಚುಕ್ಕೆ ಚುಕ್ಕೆ ತುಕ್ಕು ಬಂತು. ಯಾಕೆಂದರೆ ಅದರಲ್ಲಿ ಒಂದು ಪಾಲು ಕ್ರೋಮಿಯಂ ಕಾರ್ಬನ್ನಿನ ಜೊತೆ ಸೇರಿ ಗಟ್ಟಿ ಕಾಳಾಗಿಬಿಡುತ್ತದೆ, ತುಕ್ಕು ತಡೆಯುವ ಕೆಲಸಕ್ಕೆ ಸಿಗುವುದಿಲ್ಲ. ಇದಕ್ಕೆ ಎದುರು 2021ರಲ್ಲಿ ಅಮೆರಿಕದಲ್ಲಿ ಬಂದ ಮ್ಯಾಗ್ನಾಕಟ್ ಎಂಬ ಸ್ಟೀಲು. ಅದರಲ್ಲಿ ಕ್ರೋಮಿಯಂ 10.7 ಶೇಕಡಾ ಮಾತ್ರ, ಆದರೂ ತುಕ್ಕನ್ನು ಡಿ2ಗಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಕ್ರೋಮಿಯಂ ಕಾಳಾಗದ ಹಾಗೆ ಲೆಕ್ಕ ಹಾಕಿ ಮಾಡಿದ್ದು. ಪೆಟ್ಟಿಗೆಯ ಮೇಲೆ ಬರೆದ ಶೇಕಡಾ ಓದಿ ಕತ್ತಿ ಕೊಳ್ಳುವುದನ್ನು ನಾನು ಆವತ್ತೇ ಬಿಟ್ಟೆ.

ಡಿ2ನ ಆ ಕಾಳುಗಳಿಂದ ಇನ್ನೊಂದು ತಾಪತ್ರಯ. ರಟ್ಟು ಕೊಯ್ಯಲಿಕ್ಕೆ ಅವು ಒಳ್ಳೆಯವು, ಇಡೀ ದಿನ ಕೊಯ್ದರೂ ಬಾಯಿ ನಿಲ್ಲುತ್ತದೆ. ಆದರೆ ಕಸಿಗೆ ಬೇಕಾಗುವಷ್ಟು ತೆಳ್ಳಗೆ ಮಸೆದರೆ ಬಾಯಿ ಸಣ್ಣ ಸಣ್ಣ ಹಲ್ಲಾಗಿ ಒಡೆಯುತ್ತದೆ. ನಮ್ಮ ಮನೆಯ ಸಾಣೆ ಕಲ್ಲಿಗೆ ಅದು ಬಗ್ಗುವುದೂ ಇಲ್ಲ, ಡೈಮಂಡ್ ಪ್ಲೇಟ್ ಬೇಕು.

ಈಗ ಆ ಆರು ಕತ್ತಿಯ ವಿಷಯ. ಇಷ್ಟೆಲ್ಲಾ ತಿಳಿದುಕೊಂಡ ಮೇಲೆ ನಾನು ದೊಡ್ಡ ಜಾಣನಾಗಿದ್ದೆ. ಯಜಮಾನರಿಗೆ ಹೇಳಿ, ಕಸಿಗೆಂದೇ ಮಾಡಿದ ಮಡಚುವ ಕತ್ತಿ ಆರು ತರಿಸಿದೆ. ಒಳ್ಳೆಯ ಸ್ಟೀಲು. ಅಲಗಿನ ಒಂದು ಬದಿ ಪೂರ್ತಿ ಚಪ್ಪಟೆ, ಇನ್ನೊಂದು ಬದಿಗೆ ಮಾತ್ರ ಇಳಿಜಾರು. ಚಪ್ಪಟೆ ಬದಿ ಕಡ್ಡಿಗೆ ಒರಗಿಕೊಂಡು ಹೋಗುವುದರಿಂದ ಕೊಯ್ತ ನೇರ ಬರುತ್ತದೆ. ಎಲ್ಲರ ಹಳೇ ಪೀಶಕತ್ತಿಗಳನ್ನು ತೆಗೆದು ಪೆಟ್ಟಿಗೆಗೆ ಹಾಕಿದೆ.

ಐದು ಜನರ ಕಸಿ ಚೆನ್ನಾಗಿ ಬಂತು. ನಮ್ಮಲ್ಲಿ ಎಲ್ಲರಿಗಿಂತ ಹಳಬರಾದ ಒಬ್ಬ ಅಕ್ಕನ ಸಾಲು ಅರ್ಧಕ್ಕರ್ಧ ಒಣಗಿತು. ಹತ್ತು ಜನರ ಎದುರು ಹೇಳಿಬಿಟ್ಟೆ, "ಅಕ್ಕಾ, ಸ್ವಲ್ಪ ಅವಸರ ಕಡಿಮೆ ಮಾಡಿ." ಅವರು ಏನೂ ಹೇಳಲಿಲ್ಲ. ಮುಂದಿನ ಸಾಲೂ ಹಾಗೇ. ನಾನು ಅವರ ಕತ್ತಿ ತೆಗೆದುಕೊಂಡು ಇನ್ನೂ ಹರಿತ ಮಾಡಿಕೊಟ್ಟೆ. ಕಡ್ಡಿ ತಂದ ಮರದ ಮೇಲೆ ಸಂಶಯಪಟ್ಟೆ. ಮೂರನೇ ಸಲ ಅವರ ಪಕ್ಕದಲ್ಲೇ ಮಣೆ ಹಾಕಿ ಕೂತೆ.

ಅವರು ಎಡಗೈಯಲ್ಲಿ ಕೊಯ್ಯುತ್ತಿದ್ದರು. ಏಳು ವರ್ಷ ಜೊತೆಯಲ್ಲಿ ಕೆಲಸ ಮಾಡಿದ್ದೇನೆ, ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಎಡಗೈಯಲ್ಲಿ ಹಿಡಿದಾಗ ಇಳಿಜಾರಿನ ಬದಿ ಕಡ್ಡಿಯ ಕಡೆಗೆ ಬರುತ್ತದೆ, ಅಲಗು ಹೊರಗೆ ಜಾರುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಅವರು ಕೊಯ್ದ ಬೆಣೆಯನ್ನು ಬೆಳಕಿಗೆ ಹಿಡಿದರೆ ಮುಖ ಡೊಂಕು. ಸೀಳಿನೊಳಗೆ ಇಟ್ಟರೆ ನಡುವೆ ಸಂದು.

"ಈ ಕತ್ತಿ ಹೊರಗೆ ಓಡ್ತದೆ ಅಣ್ಣಾ," ಅಂದರು. "ಮೊದಲನೇ ದಿನವೇ ಹೇಳಿದ್ದೆ."

ಹೇಳಿದ್ದರು. "ಹೊಸ ಕತ್ತಿ ಅಲ್ವಾ, ಅಭ್ಯಾಸ ಆಗ್ತದೆ" ಅಂದವನು ನಾನೇ. ಊರಿನ ಆಚಾರಿ ಮಾಡಿಕೊಟ್ಟ ಅವರ ಪೀಶಕತ್ತಿಗೆ ಎರಡೂ ಬದಿಗೆ ಸಮ ಸಾಣೆ ಇತ್ತು, ಯಾವ ಕೈಗೂ ಆಗುತ್ತಿತ್ತು. ಅದನ್ನು ಕಿತ್ತುಕೊಂಡು ನಾನು ಸ್ಟೀಲಿನ ಪಾಠ ಮಾಡಿದ್ದೆ. ಎಡಗೈಯವರಿಗೆ ಬೇರೆ ಕಸಿ ಕತ್ತಿ ಮಾಡುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಅದೇ ಹತ್ತು ಜನರ ಎದುರು, ಒಣಗಿದ್ದು ಅಕ್ಕನ ಕೈಯಿಂದ ಅಲ್ಲ, ನಾನು ಕೊಟ್ಟ ಕತ್ತಿಯಿಂದ ಅಂತ ಹೇಳಿದೆ. ಹೇಳುವಾಗ ನಾಲಿಗೆ ಒಣಗಿತ್ತು.

ಎಡಗೈಯ ಕತ್ತಿ ತರಿಸುವಷ್ಟು ಸಮಯ ಇರಲಿಲ್ಲ, ಸೀಸನ್ ಮುಗಿಯುತ್ತಿತ್ತು. ನನ್ನ ಹಳೇ ಕಾರ್ಬನ್ ಒಪಿನೆಲ್ ತೆಗೆದೆ. ಅದರ ಒಂದೇ ಬದಿಯನ್ನು, ಅವರ ಕೈಗೆ ಬೇಕಾದ ಬದಿಯನ್ನು, ಮೊದಲು 400 ನಂಬರಿನ ಒರಟು ಕಲ್ಲಿನಲ್ಲಿ, ಆಮೇಲೆ 1000ದ ನಯವಾದದ್ದರಲ್ಲಿ ಮಸೆದೆ. ಮೆತ್ತಗಿನ ಹಳೇ ಕಾರ್ಬನ್ ಆದದ್ದು ಒಳ್ಳೆಯದೇ ಆಯಿತು, ಡಿ2 ಆಗಿದ್ದರೆ ವಾರ ಬೇಕಿತ್ತು. ಹಿಡಿಗೆ ಮೇಣ ಉಜ್ಜಿದೆ. ಸಂಜೆ ಅಲಗಿಗೆ ತೆಂಗಿನೆಣ್ಣೆ ಸವರಿ ಇಡುತ್ತಾರೆ. ಬೆಳಿಗ್ಗೆ ಸ್ಪಿರಿಟ್‌ನಲ್ಲಿ ಒರೆಸಲೇಬೇಕು, ಎಣ್ಣೆ ಕೊಯ್ತಕ್ಕೆ ತಾಗಿದರೆ ಕಸಿ ಹಿಡಿಯುವುದಿಲ್ಲ.

ಮೊನ್ನೆ ಹೊಸದಾಗಿ ಸೇರಿದ ಹುಡುಗ ಯಾರೂ ಇಲ್ಲದಾಗ ಆ ಕಪ್ಪು ಒಪಿನೆಲ್ ಎತ್ತಿಕೊಂಡು ಎರಡು ಕಡ್ಡಿ ಕೊಯ್ದ. ಎರಡೂ ಡೊಂಕು. "ಅಣ್ಣಾ, ಈ ಕತ್ತಿ ಸರಿ ಇಲ್ಲ" ಅಂತ ನನ್ನ ಹತ್ತಿರ ತಂದ. ಅಕ್ಕ ಕೂತಲ್ಲಿಂದಲೇ ಎಡಗೈ ಚಾಚಿದರು.